ಯುದ್ಧ ನಿಂತ ಮೇಲೂ ನಿಲ್ಲದ್ದು: ಮನಸ್ಸಿನ ಆಘಾತ, ಲೈಂಗಿಕ ಆರೋಗ್ಯ – ಪದೇ ಪದೇ ಕೇಳುವ ಪ್ರಶ್ನೆಗಳು

ಕದನ ವಿರಾಮಕ್ಕೆ ಸಹಿ ಬಿದ್ದ ದಿನಕ್ಕೆ ಯುದ್ಧದ ಸುದ್ದಿ ಮುಗಿಯುತ್ತದೆ. ಕ್ಯಾಮೆರಾಗಳು ಹೊರಡುತ್ತವೆ. ಆಮೇಲಿನ ಹತ್ತು ಹದಿನೈದು ವರ್ಷ ಅಲ್ಲಿನ ಜನ ರಾತ್ರಿ ಹೇಗೆ ಕಳೆಯುತ್ತಾರೆ, ಮಲಗುವ ಮುಂಚೆ ಎಷ್ಟು ಕುಡಿಯುತ್ತಾರೆ, ಪಕ್ಕದಲ್ಲಿರುವವರ ಕೈ ತಗುಲಿದರೆ ಯಾಕೆ ಬೆಚ್ಚಿ ಬೀಳುತ್ತಾರೆ ಎಂದು ಯಾರೂ ವರದಿ ಮಾಡುವುದಿಲ್ಲ. ಇಲ್ಲಿರುವ ಪ್ರಶ್ನೆಗಳು ಆ ವರ್ಷಗಳಿಗೆ ಸೇರಿದವು. ಅತ್ಯಾಚಾರದ ಮಾತು ಬರುತ್ತದೆ. ಓದಲು ಕಷ್ಟವಾದರೆ ಆ ಭಾಗ ಬಿಟ್ಟು ಮುಂದಿನದಕ್ಕೆ ಹೋಗಿ.

ಯುದ್ಧದ ಆಘಾತಕ್ಕೂ ಲೈಂಗಿಕ ಆರೋಗ್ಯಕ್ಕೂ ಏನು ಸಂಬಂಧ?

ನೇರ ಸಂಬಂಧ ಎಲ್ಲರಿಗೂ ಗೊತ್ತು: ಅತ್ಯಾಚಾರ, ಅದರಿಂದ ಗಾಯ, ಸೋಂಕು, ಬೇಡದ ಬಸಿರು. ಸುತ್ತುದಾರಿಯ ಸಂಬಂಧ ಅಷ್ಟಾಗಿ ಕಣ್ಣಿಗೆ ಬೀಳುವುದಿಲ್ಲ. ನಿದ್ದೆ ಬಾರದವನು ಕುಡಿಯುತ್ತಾನೆ, ಕುಡಿದವನಿಗೆ ಕಾಂಡೋಮ್ ನೆನಪಿರುವುದಿಲ್ಲ. ಗಂಡ ಕಾಣೆಯಾದವಳು ಆಸರೆಗೆಂದು ಇನ್ನೊಬ್ಬನ ಜೊತೆ ಇರುತ್ತಾಳೆ. ಅವನು ಕೈ ಎತ್ತುವವನಾದರೆ 'ಬೇಡ' ಅನ್ನಲು ಬಾಯಿ ಬರುವುದಿಲ್ಲ. ಆಸ್ಪತ್ರೆಯ ಬಾಗಿಲು ಕಂಡರೆ ಬೆವರುವವರು ಪರೀಕ್ಷೆಗೇ ಹೋಗುವುದಿಲ್ಲ. ಯುದ್ಧದಲ್ಲಿ ಮೈಮೇಲೆ ಯಾರ ಕೈಯೂ ಬೀಳದಿದ್ದವರು ಸಹ ಈ ಸುತ್ತುದಾರಿಯಲ್ಲಿ ಸಿಕ್ಕಿಕೊಳ್ಳುತ್ತಾರೆ.

ಯುದ್ಧ ನಡೆದ ಕಡೆ ಎಚ್‌ಐವಿ ಜಾಸ್ತಿ ಆಗೇ ಆಗುತ್ತದೆ, ಅಲ್ವಾ?

ಇಲ್ಲ. ಈ ವಿಷಯದಲ್ಲಿ ಅತಿ ಹೆಚ್ಚು ಕೇಳುವ ತಪ್ಪು ಮಾತು ಇದೇ.

2007ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ದೊಡ್ಡ ಪರಿಶೀಲನೆ ಬಂತು. ಕಾಂಗೋ, ದಕ್ಷಿಣ ಸುಡಾನ್, ರುವಾಂಡಾ, ಉಗಾಂಡಾ, ಸಿಯೆರಾ ಲಿಯೋನ್, ಸೊಮಾಲಿಯಾ, ಬುರುಂಡಿ – ಈ ಏಳು ಕಡೆಯ ಲೆಕ್ಕ ಒಟ್ಟುಹಾಕಿ ನೋಡಿದಾಗ, ಸಂಘರ್ಷವೇ ಎಚ್‌ಐವಿ ಪ್ರಮಾಣ ಏರಿಸಿತು ಎನ್ನಲು ಪುರಾವೆ ಸಿಗಲಿಲ್ಲ. ನಿರಾಶ್ರಿತರ ಶಿಬಿರಗಳ 12 ಗುಂಪುಗಳನ್ನು ಸುತ್ತಲಿನ ಊರುಗಳಿಗೆ ಹೋಲಿಸಿದರು. ಒಂಬತ್ತರಲ್ಲಿ ಸೋಂಕು ಊರಿನವರಿಗಿಂತ ಕಡಿಮೆ ಇತ್ತು, ಎರಡರಲ್ಲಿ ಹೆಚ್ಚುಕಡಿಮೆ ಅಷ್ಟೇ, ಒಂದರಲ್ಲಿ ಮಾತ್ರ ಜಾಸ್ತಿ. 'ನಿರಾಶ್ರಿತರು ರೋಗ ಹೊತ್ತು ತರುತ್ತಾರೆ' ಎನ್ನುವವರು ಈ ಲೆಕ್ಕ ಎರಡು ಸಲ ಓದಲಿ.

ಕಾರಣ ಸರಳ. ಯುದ್ಧದಲ್ಲಿ ರಸ್ತೆ ಮುಚ್ಚುತ್ತದೆ, ಲಾರಿ ನಿಲ್ಲುತ್ತದೆ, ಪೇಟೆ ಮುಚ್ಚುತ್ತದೆ. ಜನ ಓಡಾಡದಿದ್ದರೆ ವೈರಸ್ಸೂ ಓಡಾಡುವುದಿಲ್ಲ. ಅಂಗೋಲಾದ ಅಂತರ್ಯುದ್ಧ 2002ರವರೆಗೆ ನಡೆಯಿತು. ಸುತ್ತಲಿನ ದೇಶಗಳಲ್ಲಿ ಎಚ್‌ಐವಿ ಉರಿಯುತ್ತಿದ್ದಾಗ ಅಲ್ಲಿ ವಯಸ್ಕರಲ್ಲಿ ಸುಮಾರು ಶೇ. 2ರಷ್ಟೇ ಇತ್ತು. ಮೊಜಾಂಬಿಕ್‌ನಲ್ಲಿ 1992ರಲ್ಲಿ ಶಾಂತಿ ಒಪ್ಪಂದವಾಯಿತು. ಗಡಿ ತೆರೆಯಿತು, ಹೊರಗೆ ಹೋಗಿದ್ದ ಲಕ್ಷಾಂತರ ಜನ ವಾಪಸು ಬಂದರು, ಸಾಗಣೆ ಶುರುವಾಯಿತು. 2009ರ ಸಮೀಕ್ಷೆಯ ಹೊತ್ತಿಗೆ 15ರಿಂದ 49 ವಯಸ್ಸಿನವರಲ್ಲಿ ಶೇ. 11.5 ಮಂದಿಗೆ ಸೋಂಕಿತ್ತು. ಅದಕ್ಕೇ ಹೇಳುವುದು, ಹೆಚ್ಚು ಕಣ್ಣಿಡಬೇಕಾದದ್ದು ಶಾಂತಿಯ ಮೊದಲ ವರ್ಷಗಳ ಮೇಲೆ. ಆಗ ರಸ್ತೆ ತೆರೆದಿರುತ್ತದೆ. ಮನಸ್ಸು ಮಾತ್ರ ಇನ್ನೂ ಯುದ್ಧದಲ್ಲೇ ಇರುತ್ತದೆ.

ಹಾಗಾದರೆ ರುವಾಂಡಾದಲ್ಲಿ ಆದದ್ದು?

ದೇಶದ ಸರಾಸರಿ ಬೇರೆ, ಒಬ್ಬಳ ಮೈ ಬೇರೆ. 1994ರಲ್ಲಿ ಸುಮಾರು ನೂರು ದಿನ ನಡೆದ ನರಮೇಧದಲ್ಲಿ ಎರಡೂವರೆ ಲಕ್ಷದಿಂದ ಐದು ಲಕ್ಷ ಅತ್ಯಾಚಾರಗಳು ನಡೆದಿರಬಹುದು ಎಂದು ವಿಶ್ವಸಂಸ್ಥೆಯ ವಿಶೇಷ ವರದಿಗಾರರು 1996ರಲ್ಲಿ ಅಂದಾಜು ಮಾಡಿದರು. ಬದುಕುಳಿದ ವಿಧವೆಯರೇ ಕಟ್ಟಿಕೊಂಡ ಅವೇಗಾ ಎಂಬ ಸಂಘ ಮುಂದೆ ತನ್ನ ಬಳಿ ಬಂದ ಸಾವಿರಕ್ಕೂ ಹೆಚ್ಚು ಸಂತ್ರಸ್ತೆಯರನ್ನು ಪರೀಕ್ಷಿಸಿದಾಗ ಮೂರರಲ್ಲಿ ಎರಡು ಪಾಲು ಹೆಂಗಸರಿಗೆ ಎಚ್‌ಐವಿ ಇತ್ತು. ಸಹಾಯ ಹುಡುಕಿ ಬಂದವರ ಲೆಕ್ಕ ಇದು, ಇಡೀ ದೇಶಕ್ಕೆ ಅನ್ವಯಿಸುವಂತಿಲ್ಲ. ಆದರೂ ಆ ಸಾಲಿನಲ್ಲಿ ನಿಂತವರಿಗೆ ರಾಷ್ಟ್ರೀಯ ಸರಾಸರಿ ಕಟ್ಟಿಕೊಂಡು ಆಗಬೇಕಾದ್ದೇನು?

ಅತ್ಯಾಚಾರವೂ ನರಮೇಧದ ಕೃತ್ಯವಾಗಬಹುದು ಎಂದು ಅಂತರರಾಷ್ಟ್ರೀಯ ನ್ಯಾಯಾಲಯವೊಂದು ಮೊದಲ ಸಲ ಹೇಳಿದ್ದು 1998ರ ಸೆಪ್ಟೆಂಬರ್ 2ರಂದು, ಅಕಾಯೆಸು ಪ್ರಕರಣದ ತೀರ್ಪಿನಲ್ಲಿ. ರುವಾಂಡಾ ನರಮೇಧದ ವಿಚಾರಣೆಗೆಂದೇ ಕಟ್ಟಿದ ಆ ನ್ಯಾಯಾಲಯ ಇದ್ದದ್ದು ತಾಂಜಾನಿಯಾದ ಅರೂಷಾದಲ್ಲಿ. ಅಲ್ಲಿನ ಬಂಧನದಲ್ಲಿದ್ದ ಆರೋಪಿಗಳಲ್ಲಿ ಎಚ್‌ಐವಿ ಇದ್ದವರಿಗೆ ಮಾತ್ರೆ ಸಿಗುತ್ತಿತ್ತು. ಅವರ ವಿರುದ್ಧ ಸಾಕ್ಷಿ ಹೇಳಲು ಬಂದ ಹೆಂಗಸರಲ್ಲಿ ಎಷ್ಟೋ ಜನಕ್ಕೆ ವರ್ಷಗಟ್ಟಲೆ ಅದೇ ಮಾತ್ರೆ ಸಿಗಲಿಲ್ಲ. ಗಾಯದ ಮೇಲೆ ಬರೆ ಅಂದರೆ ಇದು.

ಆಘಾತ ಅಂದರೆ ಸುಮ್ನೆ ಬೇಜಾರು, ಭಯವಾ?

ಅದಕ್ಕಿಂತ ಜಾಸ್ತಿ. ಪಿಟಿಎಸ್‌ಡಿ (ಆಘಾತದ ನಂತರ ಕಾಡುವ ಮಾನಸಿಕ ಒತ್ತಡದ ಕಾಯಿಲೆ) ಎಂಬ ಹೆಸರು ಅಮೆರಿಕದ ಮನೋವೈದ್ಯರ ಕೈಪಿಡಿಗೆ ಸೇರಿದ್ದು 1980ರಲ್ಲಿ. ಕೆಟ್ಟ ಕನಸು, ಹಳೆಯ ಘಟನೆ ಈಗಲೇ ನಡೆಯುತ್ತಿದೆ ಅನ್ನಿಸುವುದು, ಸದಾ ಕಿವಿ ನಿಮಿರಿಸಿ ಕೂರುವುದು, ಪ್ರೀತಿ-ಸಂತೋಷ ಯಾವುದೂ ಒಳಗೆ ಇಳಿಯದಿರುವುದು – ಇವು ಅದರ ಗುರುತು. ಆದರೆ ಎಲ್ಲಕ್ಕೂ ಪಿಟಿಎಸ್‌ಡಿ ಚೀಟಿ ಅಂಟಿಸುವುದು ಬೇಡ. ಖಿನ್ನತೆ, ಆತಂಕ, ಕುಡಿತ, ಸತ್ತವರ ದುಃಖ ಎಲ್ಲ ಕಲೆತಿರುತ್ತವೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೊಟ್ಟ ಅಂದಾಜಿನ ಪ್ರಕಾರ ಸಂಘರ್ಷ ನಡೆದ ಪ್ರದೇಶಗಳಲ್ಲಿ ಐವರಲ್ಲಿ ಒಬ್ಬರಿಗೆ ಯಾವುದೋ ಒಂದು ಮಾನಸಿಕ ತೊಂದರೆ ಇರುತ್ತದೆ. ಉಳಿದ ನಾಲ್ವರೂ ನೋವುಂಡವರೇ. ಹೆಚ್ಚಿನವರು ಹೇಗೋ ಸುಧಾರಿಸಿಕೊಳ್ಳುತ್ತಾರೆ.

ಅಷ್ಟು ಭಯ ಕಂಡವರು ಇನ್ನೂ ಹುಷಾರಾಗಿರಬೇಕಲ್ಲವೇ? ಮತ್ತೆ ಅಪಾಯಕ್ಕೆ ಯಾಕೆ ಬೀಳುತ್ತಾರೆ?

ಹುಷಾರು ಅನ್ನುವುದು ನಾಳೆಯ ಮೇಲೆ ನಂಬಿಕೆ ಇದ್ದವರ ಗುಣ. ಕಾಂಡೋಮ್ ಬಳಸುವುದು ಅಂದರೆ ಐದು ವರ್ಷದ ಮುಂದಿನ ನನ್ನ ಆರೋಗ್ಯಕ್ಕಾಗಿ ಈ ಹೊತ್ತು ಒಂದು ಸಣ್ಣ ತೊಂದರೆ ತೆಗೆದುಕೊಳ್ಳುವುದು. ಅಕ್ಕಪಕ್ಕದವರೆಲ್ಲ ಒಂದೇ ದಿನದಲ್ಲಿ ಸತ್ತದ್ದನ್ನು ಕಂಡವನಿಗೆ ಐದು ವರ್ಷ ಅನ್ನುವುದೇ ಅರ್ಥವಿಲ್ಲದ ಮಾತು. ಆಯುಸ್ಸು ಮೊಟಕಾಗಿದೆ ಎನ್ನುವ ಈ ಭಾವನೆಯನ್ನು ವೈದ್ಯರು ಆಘಾತದ ಲಕ್ಷಣಗಳಲ್ಲೇ ಸೇರಿಸಿದ್ದರು.

ಇನ್ನೊಂದು, ಮೈ ಮರಗಟ್ಟುವುದು. ಇದನ್ನು ಸ್ವಲ್ಪ ಹತ್ತಿರದಿಂದ ನೋಡಿ. ಒಬ್ಬಳಿದ್ದಾಳೆ. ಸಂಗಾತಿ ಒರಟನೇನಲ್ಲ. ಅವನು ಹತ್ತಿರ ಬರುತ್ತಾನೆ, ಬಾಗಿಲ ಚಿಲಕ ಹಾಕುತ್ತಾನೆ. ಚಿಲಕದ ಸದ್ದಿಗೆ ಅವಳ ಉಸಿರು ಮೇಲೇ ನಿಲ್ಲುತ್ತದೆ. ಕಣ್ಣು ಗೋಡೆಯ ಒಂದು ಮೂಲೆಗೆ ಅಂಟಿಕೊಳ್ಳುತ್ತದೆ. ಆಮೇಲಿನ ಹತ್ತು ನಿಮಿಷ ಅವಳು ಅಲ್ಲಿ ಇರುವುದೇ ಇಲ್ಲ. ಮೈ ಮಾತ್ರ ಇರುತ್ತದೆ. 'ಕಾಂಡೋಮ್ ಹಾಕಿಕೋ' ಎಂದು ಹೇಳಬೇಕು ಅಂತ ಬೆಳಿಗ್ಗೆಯೇ ಅಂದುಕೊಂಡಿದ್ದಳು. ಹೇಳುವ ಹೊತ್ತಿನಲ್ಲಿ ಹೇಳುವವಳೇ ಇರಲಿಲ್ಲ. ಹಿಂದೊಮ್ಮೆ ಜೀವ ಉಳಿಸಿದ್ದು ಇದೇ ಮರಗಟ್ಟುವಿಕೆ. ಈಗ ಅದು ಕರೆಯದೆ ಬರುತ್ತದೆ. ಹೊರಗಿನಿಂದ ನೋಡಿದವರು 'ಒಪ್ಪಿಗೆ ಇತ್ತು, ಸುಮ್ಮನಿದ್ದಳು' ಅನ್ನುತ್ತಾರೆ.

ಇದಕ್ಕೆ ತದ್ವಿರುದ್ಧವಾಗಿ, ಏನೂ ಅನ್ನಿಸದ ಮನಸ್ಸಿಗೆ ಏನಾದರೂ ಅನ್ನಿಸಲಿ ಎಂದು ಅಪಾಯ ಹುಡುಕಿಕೊಂಡು ಹೋಗುವವರೂ ಇದ್ದಾರೆ. ಹಲವು ಸಂಗಾತಿಗಳು, ಜಗಳ, ವೇಗದ ಗಾಡಿ ಎಲ್ಲ ಒಟ್ಟಿಗೆ ಬರುತ್ತವೆ. ಬುದ್ಧಿವಾದದಿಂದ ಇದು ಸರಿಹೋಗುವುದಿಲ್ಲ. ಹಾಗಾಗಿ 'ಜಾಗೃತಿ ಮೂಡಿಸಿ' ಎಂಬ ಪೋಸ್ಟರ್‌ಗಳ ಮೇಲೆ ನನಗೆ ಅಷ್ಟೇನೂ ನಂಬಿಕೆ ಇಲ್ಲ. ಅವಳಿಗೆ ಕಾಂಡೋಮ್ ಬಗ್ಗೆ ಗೊತ್ತಿರಲಿಲ್ಲವಾ? ಗೊತ್ತಿತ್ತು.

ಲೈಂಗಿಕ ಆಸಕ್ತಿಯೇ ಹೋಗಿಬಿಟ್ಟರೆ?

ಅದೂ ಬಹಳ ಸಾಮಾನ್ಯ. ಹೆಂಗಸರಲ್ಲಿ ನೋವು, ಸ್ನಾಯು ಬಿಗಿಯುವುದು. ಗಂಡಸರಲ್ಲಿ ನಿಮಿರುವಿಕೆಯ ತೊಂದರೆ, ಬೇಗ ಸ್ಖಲನ. ಮೈ ಸದಾ ಕಾವಲು ಕಾಯುತ್ತಿದ್ದರೆ ಸುಖಕ್ಕೆ ಜಾಗ ಎಲ್ಲಿ? ಇನ್ನೊಂದು ಸಂಗತಿಯನ್ನು ವೈದ್ಯರು ಹೇಳಲು ಮರೆಯುತ್ತಾರೆ: ಖಿನ್ನತೆಗೆ, ಪಿಟಿಎಸ್‌ಡಿಗೆ ಕೊಡುವ ಎಸ್‌ಎಸ್‌ಆರ್‌ಐ ಗುಂಪಿನ ಮಾತ್ರೆಗಳೂ ಆಸಕ್ತಿ ತಗ್ಗಿಸಬಹುದು. ಹಾಗಂತ ತಾವೇ ಮಾತ್ರೆ ನಿಲ್ಲಿಸಬಾರದು. ನಾಚಿಕೆ ಬಿಟ್ಟು ವೈದ್ಯರಿಗೆ ಹೇಳಿದರೆ ಪ್ರಮಾಣ ಅಥವಾ ಮಾತ್ರೆ ಬದಲಿಸಿ ನೋಡುತ್ತಾರೆ.

ಗಂಡಸರ ಕಥೆ ಏನು? ಅವರು ಬರೀ ಮಾಡಿದವರಾ?

ಇಲ್ಲ. ಹಿಂದಿನ ಯುಗೊಸ್ಲಾವಿಯಾಕ್ಕಾಗಿ ರಚಿಸಿದ್ದ ನ್ಯಾಯಾಲಯದ ಟಾಡಿಚ್ ಪ್ರಕರಣದಲ್ಲಿ, 1997ರ ತೀರ್ಪಿನಲ್ಲೇ, ಬೋಸ್ನಿಯಾದ ಒಮಾರ್ಸ್ಕಾ ಬಂಧನ ಶಿಬಿರದಲ್ಲಿ ಗಂಡಸರ ಮೇಲೆ ನಡೆದ ಲೈಂಗಿಕ ಕ್ರೌರ್ಯ ದಾಖಲಾಗಿದೆ. ಇಂಥವರು ಆಸ್ಪತ್ರೆಗೆ ಬಂದರೂ ಬೆನ್ನುನೋವು, ಮಲವಿಸರ್ಜನೆಗೆ ಕಷ್ಟ ಎಂದು ಹೇಳಿ ಸುಮ್ಮನಾಗುತ್ತಾರೆ. ಎಷ್ಟೋ ಸಹಾಯ ಕೇಂದ್ರಗಳ ಬೋರ್ಡಿನ ಮೇಲೆ 'ಮಹಿಳಾ' ಎಂದಿರುತ್ತದೆ. ಒಳಗೆ ಹೋಗುವುದು ಹೇಗೆ?

ಹೋರಾಡಿ ಬಂದವರದ್ದು ಬೇರೆ ಪಾಡು. ಸೈನ್ಯ ಮನೆಗೆ ಮರಳುವ ಹೊತ್ತಿನಲ್ಲಿ ಲೈಂಗಿಕ ರೋಗ ಏರುವುದು ಹಳೆಯ ಸಂಗತಿ. ಅಮೆರಿಕದಲ್ಲಿ ಹೊಸ ಸಿಫಿಲಿಸ್ ಪ್ರಕರಣಗಳು ತುದಿ ಮುಟ್ಟಿದ್ದು ಎರಡನೇ ಮಹಾಯುದ್ಧ ಮುಗಿದ ಮೇಲೆ, 1946–47ರ ಸುಮಾರಿಗೆ. 1943ರಲ್ಲೇ ಸಿಫಿಲಿಸ್‌ಗೆ ಪೆನ್ಸಿಲಿನ್ ಕೆಲಸ ಮಾಡುತ್ತದೆ ಎಂದು ಗೊತ್ತಾಗಿದ್ದರಿಂದ ಅದು ಬೇಗ ಇಳಿಯಿತು. ಮನಸ್ಸಿಗೆ ಅಂಥ ಇಂಜೆಕ್ಷನ್ ಇರಲಿಲ್ಲ. ನಿದ್ದೆಗಾಗಿ ಕುಡಿತ, ಕುಡಿತದಿಂದ ಜಗಳ, ಜಗಳದಿಂದ ಹೊಡೆತ. ಹೊಡೆತ ಇರುವ ಮನೆಯಲ್ಲಿ ಹೆಂಡತಿ ಗರ್ಭನಿರೋಧಕ ಮಾತ್ರೆಯನ್ನೂ ಕದ್ದು ನುಂಗಬೇಕು.

ಇದೆಲ್ಲ ಬಡತನದ ಸಮಸ್ಯೆ ಅಲ್ವಾ? ಆಘಾತ ಅಂತ ಯಾಕೆ ದೊಡ್ಡದು ಮಾಡುತ್ತೀರಿ?

ಒಳ್ಳೆಯ ಪ್ರಶ್ನೆ, ಅರ್ಧ ನಿಜ. ಹೊಟ್ಟೆಪಾಡಿಗೆ ಮೈ ಕೊಡಬೇಕಾದವರಿಗೆ ಮೊದಲು ಬೇಕಿರುವುದು ಊಟ, ಬಾಡಿಗೆ, ಕೆಲಸ. ಕೌನ್ಸೆಲಿಂಗ್ ಆಮೇಲೆ. ಪಶ್ಚಿಮ ಆಫ್ರಿಕಾದ ಶಿಬಿರಗಳ ಬಗ್ಗೆ 2002ರಲ್ಲಿ ಬಂದ ವರದಿ ಲೋಕದ ಕಣ್ಣು ತೆರೆಸಿತ್ತು. ಗಿನಿ, ಲೈಬೀರಿಯಾ, ಸಿಯೆರಾ ಲಿಯೋನ್‌ಗಳಲ್ಲಿ ನೆರವು ಹಂಚಲು ಬಂದವರಲ್ಲೇ ಕೆಲವರು ಆಹಾರ, ಪ್ಲಾಸ್ಟಿಕ್ ಹೊದಿಕೆ ತೋರಿಸಿ ಹುಡುಗಿಯರನ್ನು ಬಳಸಿಕೊಂಡಿದ್ದರು. ಬೇಲಿಯೇ ಎದ್ದು ಹೊಲ ಮೇಯ್ದಂತೆ. ಮರುವರ್ಷ, 2003ರಲ್ಲಿ, ವಿಶ್ವಸಂಸ್ಥೆ ತನ್ನ ಸಿಬ್ಬಂದಿಗೆ ನಿಯಮ ಹೊರಡಿಸಿತು: 18ರೊಳಗಿನವರ ಜೊತೆ ಲೈಂಗಿಕ ಸಂಬಂಧ ಕೂಡದು, ಹಣ ಅಥವಾ ನೆರವು ಕೊಟ್ಟು ಸಂಬಂಧ ಬೆಳೆಸಕೂಡದು.

ಆದರೆ ಬಡತನ ಒಂದೇ ಆಗಿದ್ದರೆ, ಅಷ್ಟೇ ಬಡವರಾದ ಇಬ್ಬರಿಗೆ ಒಂದೇ ಪಾಡು ಬರಬೇಕಿತ್ತು. ಹಾಗೆ ಆಗುವುದಿಲ್ಲ. ಗಿರಾಕಿ 'ಕಾಂಡೋಮ್ ಬೇಡ, ಜಾಸ್ತಿ ಕೊಡುತ್ತೇನೆ' ಎಂದಾಗ ಎದ್ದು ಹೋಗುವ ಗಟ್ಟಿತನ ಬೇಕಲ್ಲ, ಅದನ್ನು ಕಿತ್ತುಕೊಂಡದ್ದು ಆಘಾತ. ಎರಡನ್ನೂ ಒಟ್ಟಿಗೆ ನೋಡಬೇಕು.

ಅತ್ಯಾಚಾರ ಆದ ತಕ್ಷಣ ಏನು ಮಾಡಬೇಕು?

ಗಡಿಯಾರ ಮುಖ್ಯ. ಎಚ್‌ಐವಿ ತಡೆಯುವ ಮಾತ್ರೆಯನ್ನು ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು; 72 ಗಂಟೆಯೊಳಗೆ ಶುರು ಮಾಡಿ 28 ದಿನ ತಪ್ಪದೆ ನುಂಗಬೇಕು. ಬಸಿರು ತಡೆಯುವ ತುರ್ತು ಮಾತ್ರೆಗೆ 5 ದಿನದವರೆಗೆ ಅವಕಾಶ ಇದೆ, ಬೇಗ ತೆಗೆದುಕೊಂಡಷ್ಟೂ ಫಲ ಜಾಸ್ತಿ. ಸಿಫಿಲಿಸ್, ಗೊನೋರಿಯಾದಂಥ ಸೋಂಕಿಗೆ ಔಷಧಿ, ಹೆಪಟೈಟಿಸ್ ಬಿ ಲಸಿಕೆ, ಗಾಯವಿದ್ದರೆ ಟೆಟನಸ್ ಇಂಜೆಕ್ಷನ್.

ತಡವಾಗಿ ಬಂದರೆ? ಬನ್ನಿ. ವಾರ, ತಿಂಗಳು, ವರ್ಷ ಕಳೆದಿದ್ದರೂ ಬನ್ನಿ. ಸಿಫಿಲಿಸ್ ವಾಸಿಯಾಗುತ್ತದೆ. ಎಚ್‌ಐವಿ ಇದ್ದರೆ ವೈರಸ್ ತಗ್ಗಿಸುವ ಎಆರ್‌ಟಿ ಮಾತ್ರೆಯಿಂದ ಎಲ್ಲರಂತೆ ಬಾಳಬಹುದು; ವೈರಸ್ ಪತ್ತೆಯಾಗದಷ್ಟು ತಗ್ಗಿದರೆ ಲೈಂಗಿಕ ಸಂಪರ್ಕದಿಂದ ಅದು ಇನ್ನೊಬ್ಬರಿಗೆ ಹರಡುವುದಿಲ್ಲ. ಮೊದಲು ಪೊಲೀಸ್ ದೂರು, ಆಮೇಲೆ ಔಷಧಿ ಎನ್ನುವುದು ತಪ್ಪು ಕ್ರಮ. ಹಾಗೆಯೇ 'ಕನ್ಯತ್ವ ಪರೀಕ್ಷೆ'ಗೆ ವೈಜ್ಞಾನಿಕ ಆಧಾರವೇ ಇಲ್ಲ. ಅದನ್ನು ನಿಲ್ಲಿಸಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಅಂಗಸಂಸ್ಥೆಗಳು 2018ರಲ್ಲಿ ಬಹಿರಂಗವಾಗಿ ಕರೆ ಕೊಟ್ಟಿವೆ.

ಪರೀಕ್ಷೆ ಉಚಿತವಾಗಿದ್ದರೂ ಜನ ಯಾಕೆ ಬರುವುದಿಲ್ಲ?

ಒಳ ಪರೀಕ್ಷೆಯ ಕೋಣೆಯನ್ನು ನೆನಪಿಸಿಕೊಳ್ಳಿ. ಅಂಗಾತ ಮಲಗಬೇಕು. ಮಂಡಿ ಮಡಚಿ ಕಾಲು ಅಗಲಿಸಬೇಕು. ಮೇಲೆ ದೀಪ. ಮುಖ ಮುಚ್ಚಿದ ಅಪರಿಚಿತರು. ಟ್ರೇಯಲ್ಲಿ ಲೋಹದ ಸಲಕರಣೆ ಕಿಣಿ ಅನ್ನುತ್ತದೆ. 'ಅಲುಗಾಡಬೇಡಿ' ಎಂದು ಯಾರೋ ಅನ್ನುತ್ತಾರೆ. ಯುದ್ಧದಲ್ಲಿ ಕೇಳಿದ್ದೂ ಅದೇ ಮಾತಾಗಿದ್ದರೆ?

ಇದಕ್ಕೆ ಹಣ ಬೇಡ, ಅಭ್ಯಾಸ ಬದಲಾದರೆ ಸಾಕು. ಮುಟ್ಟುವ ಮುಂಚೆ ಹೇಳುವುದು. 'ಸಾಕು ಅನ್ನಿಸಿದರೆ ಕೈ ಎತ್ತಿ, ನಿಲ್ಲಿಸುತ್ತೇನೆ' ಎನ್ನುವುದು, ಕೈ ಎತ್ತಿದಾಗ ನಿಜಕ್ಕೂ ನಿಲ್ಲಿಸುವುದು. ಬಟ್ಟೆ ಪೂರ್ತಿ ತೆಗೆಸದಿರುವುದು. ಬಾಗಿಲು ಎಲ್ಲಿದೆ ಎಂದು ಕಾಣುವಂತೆ ಮಲಗಿಸುವುದು. ಬೇಕಾದರೆ ಒಳಗನ್ನು ನೋಡಲು ಬಳಸುವ ಸಲಕರಣೆ, ಸ್ಪೆಕ್ಯುಲಮ್ ಅನ್ನು ಅವರ ಕೈಗೇ ಕೊಟ್ಟು ತಾವೇ ಇಟ್ಟುಕೊಳ್ಳಲು ಬಿಡಬಹುದು. ಕೆಲವು ಸೋಂಕುಗಳಿಗೆ ಮೂತ್ರ ಪರೀಕ್ಷೆ, ಅಥವಾ ತಾವೇ ಹತ್ತಿಕಡ್ಡಿಯಿಂದ ತೆಗೆದುಕೊಟ್ಟ ಮಾದರಿಯೇ ಸಾಕಾಗುತ್ತದೆ. ಅಲ್ಲಿ ಮಲಗಿಸುವ ಮಾತೇ ಇಲ್ಲ.

ಫಿಸ್ಟುಲಾ ಅಂದರೇನು?

ಯೋನಿಗೂ ಮೂತ್ರಕೋಶಕ್ಕೂ, ಅಥವಾ ಗುದಕ್ಕೂ ನಡುವೆ ತೂತು ಬಿದ್ದು ಮೂತ್ರ, ಮಲ ತಡೆಯಿಲ್ಲದೆ ಸೋರುವುದು. ಹೆರಿಗೆ ದಿನಗಟ್ಟಲೆ ತಡವಾದರೆ ಆಗುತ್ತದೆ; ಯುದ್ಧದಲ್ಲಿ ಕ್ರೂರ ಅತ್ಯಾಚಾರದಿಂದಲೂ ಆಗುತ್ತದೆ. ಶಸ್ತ್ರಚಿಕಿತ್ಸೆಯಿಂದ ಬಹುಪಾಲು ಸರಿಹೋಗುತ್ತದೆ. ಕಾಂಗೋದ ಬುಕಾವುವಿನಲ್ಲಿ ಪಾಂಜಿ ಆಸ್ಪತ್ರೆ ಕಟ್ಟಿದ ಡಾ. ಡೆನಿ ಮುಕ್ವೆಗೆ ಇದೇ ಕೆಲಸಕ್ಕೆ ಹೆಸರಾದವರು. 2018ರ ನೊಬೆಲ್ ಶಾಂತಿ ಪ್ರಶಸ್ತಿಯನ್ನು ಇರಾಕಿನ ಯಜೀದಿ ಹೋರಾಟಗಾರ್ತಿ ನಾದಿಯಾ ಮುರಾದ್ ಜೊತೆ ಹಂಚಿಕೊಂಡರು. ಅವರ ಆಸ್ಪತ್ರೆಯಲ್ಲಿ ಆಪರೇಷನ್ ಜೊತೆಗೆ ಮನಸ್ಸಿನ ಆರೈಕೆ, ಕಾನೂನು ನೆರವು, ಕಸುಬು ಕಲಿಸುವುದು ಎಲ್ಲ ಇದೆ. ಹೊಲಿಗೆ ಹಾಕಿ ಕಳಿಸಿದರೆ ಅದೇ ಹೆಂಗಸು ಅದೇ ಊರಿಗೆ, ಅದೇ ಅಪಾಯಕ್ಕೆ ಮರಳುತ್ತಾಳೆ ಎಂದು ಅವರಿಗೆ ಅನುಭವದಿಂದ ಗೊತ್ತಾದದ್ದು.

ಎಚ್‌ಐವಿ ಮಾತ್ರೆ ಕೈಯಲ್ಲಿದ್ದೂ ನುಂಗದವರು ಇದ್ದಾರಲ್ಲ?

ಇದ್ದಾರೆ. ಖಿನ್ನತೆ ಇದ್ದವರು ಎಆರ್‌ಟಿ ಮಾತ್ರೆ ತಪ್ಪಿಸುವುದು ಜಾಸ್ತಿ ಎಂಬುದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಕೆಲವರಿಗೆ ಆ ಮಾತ್ರೆಯೇ ದಿನಾ ಬೆಳಿಗ್ಗೆ ಆ ದಿನವನ್ನು ನೆನಪಿಸುತ್ತದೆ.

ಎಷ್ಟೋ ಸಲ ತಪ್ಪು ರೋಗಿಯದ್ದೇ ಅಲ್ಲ, ಮಾತ್ರೆ ಸಿಗುವ ಜಾಗವೇ ಇರುವುದಿಲ್ಲ. 2014ರಲ್ಲಿ ಕ್ರಿಮಿಯಾ ರಷ್ಯಾದ ವಶವಾದಾಗ ಮಾದಕವ್ಯಸನಿಗಳಿಗೆ ಸೂಜಿಯ ಮಾದಕದ ಬದಲಿಗೆ ಕೊಡುತ್ತಿದ್ದ ಮೆಥಡೋನ್ ಎಂಬ ಔಷಧಿಯ ಚಿಕಿತ್ಸೆ ನಿಂತುಹೋಯಿತು. ಸುಮಾರು 800 ಜನ ಅದನ್ನೇ ನಂಬಿಕೊಂಡಿದ್ದರು. ಚಿಕಿತ್ಸೆ ನಿಂತರೆ ಸೂಜಿ ವಾಪಸು ಬರುತ್ತದೆ, ಸೂಜಿಯ ಜೊತೆ ಎಚ್‌ಐವಿ.

ಮನಸ್ಸಿಗೆ ಚಿಕಿತ್ಸೆ ಕೊಟ್ಟರೆ ನಿಜಕ್ಕೂ ಪ್ರಯೋಜನ ಇದೆಯಾ? ಅಲ್ಲೆಲ್ಲ ಮನೋವೈದ್ಯರು ಎಲ್ಲಿ ಸಿಗುತ್ತಾರೆ?

ಮನೋವೈದ್ಯರೇ ಬೇಕಿಲ್ಲ. ಪೂರ್ವ ಕಾಂಗೋದಲ್ಲಿ ಲೈಂಗಿಕ ಹಿಂಸೆಗೆ ಸಿಕ್ಕಿದ್ದ ಹೆಂಗಸರ ಮೇಲೆ ನಡೆದ ಒಂದು ಪ್ರಯೋಗ 2013ರಲ್ಲಿ ಪ್ರಕಟವಾಯಿತು. ಸ್ಥಳೀಯ ಕಾರ್ಯಕರ್ತೆಯರಿಗೇ ತರಬೇತಿ ಕೊಟ್ಟು, ಗುಂಪಿನಲ್ಲಿ ಕೂರಿಸಿ, ಆಲೋಚನೆಗಳನ್ನು ಬಿಡಿಸಿ ನೋಡುವ ಚಿಕಿತ್ಸೆ ಕೊಟ್ಟರು. ಇನ್ನು ಕೆಲವು ಊರುಗಳಲ್ಲಿ ಒಬ್ಬೊಬ್ಬರಿಗೇ ಸಾಮಾನ್ಯ ಆಸರೆ ಕೊಟ್ಟರು. ಆರು ತಿಂಗಳ ನಂತರ ಖಿನ್ನತೆ ಅಥವಾ ಆತಂಕ ಉಳಿದಿದ್ದವರು ಗುಂಪು ಚಿಕಿತ್ಸೆಯಲ್ಲಿ ಶೇ. 9, ಬರೀ ಆಸರೆ ಸಿಕ್ಕವರಲ್ಲಿ ಶೇ. 42. ಭಾಗವಹಿಸಿದವರಲ್ಲಿ ಬಹಳ ಜನಕ್ಕೆ ಓದು ಬರಹ ಬರುತ್ತಿರಲಿಲ್ಲ, ಸುತ್ತ ಹಿಂಸೆಯೂ ನಿಂತಿರಲಿಲ್ಲ.

ಅವರು ಅಳೆದದ್ದು ಮನಸ್ಸನ್ನು, ಸೋಂಕನ್ನಲ್ಲ. ಮನಸ್ಸು ಹಗುರವಾದ ಮಾತ್ರಕ್ಕೆ ಸೋಂಕು ತಾನಾಗಿ ಇಳಿಯುತ್ತದೆ ಎಂದು ಮಾತು ಕೊಡುವವರನ್ನು ನಂಬಬೇಡಿ. ಎರಡು ಸೇವೆಯೂ ಒಂದೇ ಬಾಗಿಲಲ್ಲಿ ಸಿಗಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. 'ಮನಸ್ಸಿಗೆ ಆ ಕಟ್ಟಡ, ಸೋಂಕಿಗೆ ಈ ಕಟ್ಟಡ' ಎಂದು ಕಳಿಸಿದರೆ, ಎರಡರ ನಡುವಿನ ದಾರಿಯಲ್ಲೇ ಜನ ಕಳೆದುಹೋಗುತ್ತಾರೆ.

ನಡೆದದ್ದನ್ನೆಲ್ಲ ಒಮ್ಮೆ ಹೇಳಿಸಿಬಿಟ್ಟರೆ ಹಗುರ ಆಗುವುದಿಲ್ಲವೇ?

ಬಲವಂತವಾಗಿ ಹೇಳಿಸಬಾರದು. ಘಟನೆ ಆದ ಕೂಡಲೇ ಕೂರಿಸಿಕೊಂಡು ಎಲ್ಲವನ್ನೂ ಒಂದೇ ಸಲ ಬಿಚ್ಚಿಸುವ ಪದ್ಧತಿ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2013ರ ಮಾರ್ಗಸೂಚಿಯಲ್ಲೇ ಹೇಳಿದೆ. ಹೇಳುವ ಹೊತ್ತು ಅವರದ್ದು. ಪತ್ರಕರ್ತರು, ದಾನಿಗಳು, ಸಂಶೋಧಕರು ಒಬ್ಬರಾದ ಮೇಲೆ ಒಬ್ಬರು ಬಂದು ಅದೇ ಕಥೆ ಕೇಳುವುದೂ ಇದೇ ಸಾಲಿಗೆ ಸೇರುತ್ತದೆ.

ಯುದ್ಧದ ಅತ್ಯಾಚಾರದಿಂದ ಹುಟ್ಟಿದ ಮಕ್ಕಳು?

ರುವಾಂಡಾದಲ್ಲೇ ಸಾವಿರಾರು ಮಕ್ಕಳು ಹೀಗೆ ಹುಟ್ಟಿದರು. ಅವರಿಗೀಗ ಮೂವತ್ತು ದಾಟಿದೆ. ತಾವೂ ಮದುವೆಯಾಗಿ ಮಕ್ಕಳ ತಂದೆತಾಯಿ ಆಗುವ ವಯಸ್ಸು. 'ಅಪ್ಪ ಯಾರು' ಎಂಬ ಪ್ರಶ್ನೆಗೆ ಮನೆಯಲ್ಲಿ ಮೌನವೇ ಉತ್ತರವಾಗಿದ್ದರೆ, ಲೈಂಗಿಕತೆಯ ಬಗ್ಗೆ ಬೇರೆ ಯಾವ ಮಾತೂ ಆ ಮನೆಯಲ್ಲಿ ಆಡಲು ಆಗುವುದಿಲ್ಲ. ಮುಟ್ಟು, ಗರ್ಭನಿರೋಧ, ಒಪ್ಪಿಗೆ ಎಲ್ಲವೂ ಆ ಮೌನದ ಅಡಿಗೆ ಸೇರುತ್ತವೆ.

ನನ್ನ ಸಂಗಾತಿ ಯುದ್ಧ ಕಂಡ ದೇಶದಿಂದ ಬಂದವರು. ನಾನು ಏನು ಮಾಡಲಿ?

ಏನಾಯಿತು ಎಂದು ಕೆದಕಬೇಡಿ. 'ಯಾವುದು ಬೇಡ, ಯಾವುದು ಪರವಾಗಿಲ್ಲ' ಎಂದು ಕೇಳಿ. ಅದಕ್ಕೆ ಉತ್ತರ ಕೊಡಲು ಹಳೆಯ ಕಥೆ ಹೇಳಬೇಕಿಲ್ಲ. ದೀಪ ಉರಿಯಲಿ ಅಂದರೆ ಉರಿಯಲಿ. ಬಾಗಿಲಿಗೆ ಚಿಲಕ ಬೇಡ ಅಂದರೆ ಬೇಡ. ನಡುವೆ ಕಣ್ಣು ಎಲ್ಲೋ ನೆಟ್ಟು ಸುಮ್ಮನಾದರೆ ನಿಲ್ಲಿಸಿ, ಹೆಸರು ಹಿಡಿದು ಕರೆಯಿರಿ, ಎಲ್ಲಿದ್ದೀರಿ, ಯಾರ ಜೊತೆ ಇದ್ದೀರಿ ಎಂದು ಮೆಲ್ಲಗೆ ಹೇಳಿ. ಕಾಂಡೋಮ್ ಮಾತನ್ನು ಹಾಸಿಗೆಯ ಮೇಲೆ ಎತ್ತಬೇಡಿ. ಹಗಲು ಹೊತ್ತಿನಲ್ಲಿ, ಪಾತ್ರೆ ತೊಳೆಯುತ್ತಲೋ ಬಟ್ಟೆ ಮಡಚುತ್ತಲೋ ಮಾತಾಡಿಕೊಳ್ಳಿ. ಸೋಂಕಿನ ಪರೀಕ್ಷೆಗೆ ಅವರೊಬ್ಬರನ್ನೇ ಕಳಿಸಬೇಡಿ. ಇಬ್ಬರೂ ಹೋಗಿ, ಮೊದಲು ನಿಮ್ಮ ತೋಳು ಚಾಚಿ.